ಸತ್ತ ಮುಸಿಯನ ಮೈಯಿಂದ ಇಳಿದ ಉಣುಗು ಎಲ್ಲಿಗೆ ಹೋಗುತ್ತದೆ?

ಸೊಪ್ಪಿನಬೆಟ್ಟ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಳಹಳ್ಳಿಯೊಂದರ ಅಡಿಕೆ ಬೆಳೆಗಾರ. ಕಳೆದ ಜನವರಿಯ ಕೊನೆಯಲ್ಲಿ ಕೊಟ್ಟಿಗೆಗೆ ಹಾಸಲು ದರಕು (ಒಣ ತರಗೆಲೆ) ಗುಡಿಸುವುದಕ್ಕೆಂದು ಸೊಪ್ಪಿನ ಬೆಟ್ಟಕ್ಕೆ ಹೋದ ನಮ್ಮ ಕೆಲಸದವರು, ಮತ್ತಿಮರದ ಬುಡದಲ್ಲಿ ಒಂದು ಮುಸಿಯ (ಕರಿಮೋರೆಯ, ಉದ್ದಬಾಲದ ಮಂಗ) ಸತ್ತು ಬಿದ್ದಿದೆ ಎಂದು ಅರ್ಧ ಕೆಲಸ ಬಿಟ್ಟು ಓಡಿ ಬಂದರು. ರಕ್ತ ಹೀರುವ ಉಣುಗು ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಬರುವ ಮಂಗನ ಕಾಯಿಲೆಯಿಂದ ಸತ್ತಿರಬಹುದು, ಹತ್ತಿರ ಹೋಗಬಾರದು ಎಂದು ಗೊತ್ತಿದ್ದರಿಂದ ನಾನು ದೂರದಲ್ಲೇ ನಿಂತು ಮೊಬೈಲಿನಲ್ಲಿ ಹಿಗ್ಗಿಸಿ ಒಂದು ಚಿತ್ರ ತೆಗೆದುಕೊಂಡೆ. ಮನೆಗೆ ಬಂದು ನೋಡಿದರೆ, ಕಿವಿಯ ಅಂಚಿಗೆ ಎಳ್ಳು ಅಂಟಿಸಿದ ಹಾಗೆ ಉಣುಗುಗಳು ಸಾಲುಗಟ್ಟಿದ್ದವು. ರೆಪ್ಪೆಯ ಬಳಿ ಎರಡು ಮೂರು ಮಾತ್ರ ರಕ್ತ ಕುಡಿದು ಹುರುಳಿಕಾಳಿನಂತೆ ಉಬ್ಬಿದ್ದವು. ಮರುದಿನ ಸಿಬ್ಬಂದಿ ಬಂದು ಸುತ್ತಲೂ ಪುಡಿ ಎರಚಿ, ಹೆಣವನ್ನು ಸುಟ್ಟು ಹೋದರು.

ನನ್ನ ಪ್ರಶ್ನೆ ಅದರ ಮುಂದಿನದು. ಆ ವಾರ ಊರಿನವರೆಲ್ಲ ಸೇರಿದಾಗ, ಮಂಗಗಳು ಒಂದರ ತಲೆಯನ್ನು ಇನ್ನೊಂದು ಹೆಕ್ಕುತ್ತ ಕೂರುತ್ತವೆ, ಆದ್ದರಿಂದ ಉಣುಗು ಒಂದರಿಂದ ಒಂದಕ್ಕೆ ದಾಟಿ ಇಡೀ ಹಿಂಡಿಗೆ ಹರಡುತ್ತದೆ, ಇದ್ದಷ್ಟನ್ನೂ ಹಿಡಿಸಿ ಶರಾವತಿಯ ಆಚೆಯ ಕಾಡಿಗೆ ಬಿಟ್ಟುಬಿಡೋಣ ಎಂಬ ಮಾತು ಬಂತು. ತಲಾ ಇಷ್ಟು ಎಂದು ವಂತಿಗೆಯೂ ನಿಗದಿಯಾಗಿದೆ. ಕಾಡಿನ ಪ್ರಾಣಿಗಳ ನಡುವೆ ಈ ಉಣುಗು ನಿಜಕ್ಕೂ ಹೀಗೆಯೇ ಹರಡುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಮುಂದಿನ ಸಭೆಯಲ್ಲಿ ನಾನು ಏನಾದರೂ ಹೇಳಬೇಕಾಗಿದೆ.

ಗೋವೈದ್ಯ ಬರೆದದ್ದು:

ನಾನು ನಿವೃತ್ತ ಪಶುವೈದ್ಯ, ಸೇವೆಯ ಬಹುಪಾಲು ಮಲೆನಾಡಿನಲ್ಲೇ ಕಳೆಯಿತು. ನಿಮ್ಮ ಊರಿನವರ ಊಹೆ ಸಹಜವಾದದ್ದೇ, ಆದರೆ ಅದು ಹೇನಿಗೆ ಒಪ್ಪುವ ಮಾತು, ಉಣುಗಿಗಲ್ಲ. ಹೇನು ಹುಟ್ಟುವುದು, ಬೆಳೆಯುವುದು, ಮೊಟ್ಟೆ ಇಡುವುದು ಎಲ್ಲವೂ ಒಂದೇ ಮೈಮೇಲೆ, ಹಾಗಾಗಿ ಅದು ದಾಟಬೇಕಾದರೆ ಮೈಗೆ ಮೈ ತಾಗಲೇಬೇಕು. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಸಾಗಿಸುವ, ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ನಮ್ಮ ಕಾಡಿನ ಉಣುಗಿನ ಬದುಕು ಇದಕ್ಕೆ ತದ್ವಿರುದ್ಧ. ಅದು ಆಯುಷ್ಯದಲ್ಲಿ ಮೂರೇ ಸಲ ಉಣ್ಣುತ್ತದೆ, ಮೂರನ್ನೂ ಬೇರೆ ಬೇರೆ ಪ್ರಾಣಿಯ ಮೇಲೆ, ಮತ್ತು ಪ್ರತಿ ಊಟದ ನಂತರವೂ ನೆಲಕ್ಕೆ ಬೀಳುತ್ತದೆ.

ಮೊಟ್ಟೆಯೊಡೆದು ಬರುವ ಆರು ಕಾಲಿನ ಮರಿ ಕಣ್ಣಿಗೆ ಕಾಣುವುದೇ ಕಷ್ಟ. ಮಳೆಗಾಲ ಮುಗಿಯುತ್ತಿದ್ದಂತೆ ಈ ಮರಿಗಳು ಹುಲ್ಲು ಮತ್ತು ಕುರುಚಲು ಗಿಡಗಳ ತುದಿಯಲ್ಲಿ ಗೊಂಚಲಾಗಿ ಕಾಯುತ್ತವೆ. ಇಲಿ, ಸೊಂಡಿಲಿ, ಕಾಡುಕೋಳಿ, ಮಂಗ, ಯಾವುದು ಸವರಿಕೊಂಡು ಹೋದರೂ ಹತ್ತಿಕೊಂಡು, ಕೆಲವು ದಿನ ರಕ್ತ ಹೀರಿ, ತಾವಾಗಿಯೇ ಉದುರುತ್ತವೆ. ತರಗೆಲೆಯ ಅಡಿಯಲ್ಲಿ ಪೊರೆ ಬಿಟ್ಟು ಎಂಟು ಕಾಲಿನ ಎಳೆಯ ಉಣುಗಾಗುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನಲ್ಲಿ ತುಂಬಿರುವುದು ಇವೇ, ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದೂ ಇವೇ. ಇವು ಎರಡನೆಯ ಊಟ ಮುಗಿಸಿ, ಮತ್ತೆ ಉದುರಿ, ಮತ್ತೆ ಪೊರೆ ಬಿಟ್ಟು, ಮಳೆಗಾಲದ ಹೊತ್ತಿಗೆ ಬಲಿತ ಉಣುಗುಗಳಾಗುತ್ತವೆ. ಬಲಿತವು ಹುಡುಕುವುದು ದೊಡ್ಡ ಮೈಯನ್ನು: ದನ, ಎಮ್ಮೆ, ಕಾಡುಕೋಣ, ಕಡವೆ. ಹೊಟ್ಟೆ ಬಿರಿಯುವಂತೆ ಕುಡಿದ ಹೆಣ್ಣು ನೆಲಕ್ಕೆ ಬಿದ್ದು, ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ.

ಉಣುಗು ಹಾರಲಾರದು, ನೆಗೆಯಲಾರದು, ಹೆಚ್ಚು ದೂರ ನಡೆಯಲಾರದು. ಮುಂಗಾಲುಗಳ ತುದಿಯಲ್ಲಿರುವ ಪುಟ್ಟ ಗುಳಿಯೊಂದರಿಂದ ಉಸಿರಿನ ಇಂಗಾಲಾಮ್ಲವನ್ನೂ ಮೈಶಾಖವನ್ನೂ ಗ್ರಹಿಸಿ, ಆ ಕಾಲುಗಳನ್ನು ಚಾಚಿಕೊಂಡು ಕಾಯುತ್ತದೆ, ಅಷ್ಟೇ. ಆದ್ದರಿಂದ ಒಂದು ಮಂಗನಿಂದ ಇನ್ನೊಂದು ಮಂಗಕ್ಕೆ ಉಣುಗಿನ ದಾರಿ ಇರುವುದು ಮರದ ಕೊಂಬೆಯ ಮೇಲಲ್ಲ. ಅದು ನೆಲಕ್ಕಿಳಿದು, ವಾರಗಟ್ಟಲೆ ತರಗೆಲೆಯಡಿ ಮಲಗಿ, ಮತ್ತೆ ಮೇಲೇಳುವ ದಾರಿ. ಇನ್ನು ಹೆಕ್ಕುವ ವಿಚಾರ. ಮಂಗಗಳು ಹೆಕ್ಕಿದ ಉಣುಗನ್ನು ಇನ್ನೊಂದರ ಮೈಗೆ ಅಂಟಿಸುವುದಿಲ್ಲ, ಹಲ್ಲಿಗೆ ಹಾಕಿ ಮುಗಿಸುತ್ತವೆ. ಹಿಂಡಿನಲ್ಲಿ ಉಣುಗು ಕಡಿಮೆಯಾಗುವುದಕ್ಕೆ ಇರುವ ಒಂದು ಉಪಾಯವನ್ನೇ ನಾವು ಅಪರಾಧ ಎನ್ನುತ್ತಿದ್ದೇವೆ.

ವರದಾತೀರ ಬರೆದದ್ದು:

ಗೋವೈದ್ಯರು ಹೇಳಿದ್ದಕ್ಕೆ ನಮ್ಮ ಸೊರಬದ ಕಡೆಯ ಹಿನ್ನೆಲೆಯನ್ನು ಸೇರಿಸುತ್ತೇನೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಎದ್ದಾಗ ಮೊದಲು ಹುಟ್ಟಿದ ಭಯ, ಇದು ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಇರಬಹುದೆಂಬುದು, ಏಕೆಂದರೆ ಅದರಲ್ಲಿಯೂ ಮಂಗಗಳು ಸಾಯುತ್ತವೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಾಣುವನ್ನು ಬೇರ್ಪಡಿಸಿದಾಗ ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿನ ಹತ್ತಿರದ ಸಂಬಂಧಿ ಎಂದು ತಿಳಿಯಿತು. ಹಾಗಾದರೆ ಸೈಬೀರಿಯದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಿತು. ಮುಂಬಯಿಯ ಪ್ರಕೃತಿ ಇತಿಹಾಸ ಸಂಘದಲ್ಲಿ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭಿಸಿದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸದ ಹಿಂದೆ ಈ ಪ್ರಶ್ನೆಯೂ ಇತ್ತು. ನಮ್ಮ ತಾಲ್ಲೂಕಿನ ಒಂದು ಸಣ್ಣ ಕಾಡಿನ ಜ್ವರ ದೇಶದ ಹಕ್ಕಿಶಾಸ್ತ್ರಕ್ಕೂ ಒಂದು ಉಂಗುರ ತೊಡಿಸಿತು ಎಂದು ನಾನು ಆಗಾಗ ನೆನೆದುಕೊಳ್ಳುವುದುಂಟು.

ಹೊರಗಿನಿಂದ ಬಂತು ಎಂಬ ವಾದವನ್ನು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಕೊಲಂಬಿಯದ ಜಾರ್ಜ್ ಬೋಶೆಲ್ ಒಬ್ಬರು. ಇಲ್ಲಿನ ಕಾಡನ್ನು ಹತ್ತಿರದಿಂದ ಗಮನಿಸಿ 1969ರಲ್ಲಿ ಅವರು ಮಂಡಿಸಿದ ವಾದದ ತಿರುಳು ಹೀಗಿದೆ: ವೈರಾಣು ಕಾಡಿನ ಸಣ್ಣ ಪ್ರಾಣಿಗಳಲ್ಲಿ ಮೊದಲಿನಿಂದಲೂ ಸದ್ದಿಲ್ಲದೆ ಇದ್ದಿರಬೇಕು. ಜನ ಹೆಚ್ಚಿ, ಕಾಡು ಕಡಿದು, ಗದ್ದೆಯಂಚಿನ ಕುರುಚಲಿನೊಳಗೆ ದನಗಳನ್ನು ಮೇಯಲು ಬಿಟ್ಟಾಗ ಬಲಿತ ಉಣುಗುಗಳಿಗೆ ಹಿಂದೆಂದೂ ಇಲ್ಲದಷ್ಟು ರಕ್ತ ಸಿಕ್ಕಿತು, ಉಣುಗುಗಳ ಸಂಖ್ಯೆ ಏರಿತು, ಅದೇ ನೆಲದಲ್ಲಿ ಓಡಾಡುವ ಮಂಗಗಳ ಮೈಗೆ ವೈರಾಣು ಉಕ್ಕಿ ಹರಿಯಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ ಎದ್ದ ಭೀಕರ ಹಾವಳಿಯನ್ನು ಕಂಡವರಿಗೆ ಈ ವಾದ ಬರಿಯ ಊಹೆ ಎನಿಸಲಾರದು.

ತುದಿಮನೆ ಬರೆದದ್ದು:

ಹಾಗಾದರೆ ದನಗಳನ್ನು ಕಟ್ಟಿ ಹಾಕಿದರೆ ಮುಗಿಯಿತಲ್ಲ? ನಮ್ಮೂರಿನಲ್ಲಿ ಬೆಟ್ಟಕ್ಕೆ ದನ ಬಿಡುವವರೇ ಈಗ ನಾಲ್ಕು ಮನೆಯವರು. ನಾನು ಹುಡುಗನಾಗಿದ್ದಾಗ ಊರಿನ ಇಡೀ ದನ ಬೆಟ್ಟದಲ್ಲೇ ಇರುತ್ತಿತ್ತು. ದನ ಕಡಿಮೆಯಾದರೂ ಕಾಯಿಲೆ ಮಾತ್ರ 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ ಎಂದು ಘಟ್ಟದುದ್ದಕ್ಕೂ ಹರಡುತ್ತ ಹೋಯಿತು. ಲೆಕ್ಕ ಹೊಂದುತ್ತಿಲ್ಲ. ಮಂಗಗಳೇ ಹೊತ್ತುಕೊಂಡು ಹೋಗಿರಬೇಕು ಎಂದು ಜನ ಹೇಳುವುದರಲ್ಲಿ ತಪ್ಪೇನಿದೆ?

ಗೋವೈದ್ಯ ಬರೆದದ್ದು:

ತುದಿಮನೆಯವರೇ, ಆಕ್ಷೇಪ ನ್ಯಾಯವಾದದ್ದು. ಉತ್ತರಿಸಬೇಕಾದರೆ ಉಣುಗು ಮತ್ತು ವೈರಾಣು ಎರಡನ್ನೂ ಬಿಡಿಸಿ ನೋಡಬೇಕು, ಏಕೆಂದರೆ ಉಣುಗನ್ನು ಸಾಕುವ ಪ್ರಾಣಿಯೇ ಬೇರೆ, ಉಣುಗಿಗೆ ವೈರಾಣುವನ್ನು ಅಂಟಿಸುವ ಪ್ರಾಣಿಯೇ ಬೇರೆ. ದನದ ರಕ್ತದಲ್ಲಿ ಈ ವೈರಾಣು ಮತ್ತೊಂದು ಉಣುಗಿಗೆ ದಾಟುವಷ್ಟು ಬೆಳೆಯುವುದಿಲ್ಲ. ದನ ಉಣುಗಿಗೆ ಅನ್ನ ಹಾಕುತ್ತದೆ, ವೈರಾಣುವಿಗಲ್ಲ. ಮಂಗ ಇದಕ್ಕೆ ತಿರುವುಮುರುವು: ಅದು ಕಾಡಿನ ಉಣುಗುಗಳಲ್ಲಿ ಒಂದು ಪಾಲನ್ನಷ್ಟೇ ಸಾಕುತ್ತದೆ, ಆದರೆ ಕಾಯಿಲೆ ಬಿದ್ದ ದಿನಗಳಲ್ಲಿ ತನ್ನ ಮೈಮೇಲೆ ಉಣ್ಣುವ ಮರಿಗಳಿಗೆಲ್ಲ ವೈರಾಣುವನ್ನು ಹಂಚುತ್ತದೆ.

ಸೊಪ್ಪಿನಬೆಟ್ಟದವರ ಚಿತ್ರದಲ್ಲಿ ಕಂಡದ್ದನ್ನೇ ತೆಗೆದುಕೊಳ್ಳೋಣ. ಆ ಮುಸಿಯನ ಕಿವಿಯ ಮೇಲೆ ಇದ್ದವುಗಳಲ್ಲಿ ಎಳೆಯ ಉಣುಗುಗಳು ರಕ್ತ ಕುಡಿದು ಉದುರಿದರೆ ಬಲಿತು, ಮಳೆಗಾಲದಲ್ಲಿ ದನದ ಅಥವಾ ಕಾಡುಕೋಣದ ಮೈ ಹತ್ತುತ್ತವೆ. ಅಲ್ಲಿಗೆ ವೈರಾಣುವಿನ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ, ಈ ಜಾತಿಯ ತಾಯಿ ಉಣುಗಿನಿಂದ ಮೊಟ್ಟೆಗೆ ಅದು ಇಳಿಯುವುದು ಲೆಕ್ಕಕ್ಕೆ ಬರುವಂಥದ್ದಲ್ಲ. ಅಪಾಯ ಇರುವುದು ಆ ಮುಸಿಯನ ಮೇಲೆ ಉಂಡು ಉದುರಿದ ಆರು ಕಾಲಿನ ಮರಿಗಳಲ್ಲಿ. ಅವು ವಾರಗಳ ನಂತರ ಎಂಟು ಕಾಲಿನ ಹಸಿದ ಉಣುಗುಗಳಾಗಿ, ವೈರಾಣುವನ್ನು ಮೈಯೊಳಗೆ ಇಟ್ಟುಕೊಂಡೇ ಅದೇ ಮರದ ಬುಡದಲ್ಲಿ ಏಳುತ್ತವೆ. ಹೆಣ ಸುಟ್ಟು ಬೂದಿಯಾದ ಮೇಲೂ ಆ ಜಾಗ ಅಪಾಯಕಾರಿಯಾಗಿ ಉಳಿಯುವುದು ಇದರಿಂದಲೇ. ಹೆಣದ ಸುತ್ತ 50 ಮೀಟರಿನಷ್ಟು ಜಾಗಕ್ಕೆ ಮ್ಯಾಲಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುವುದೂ ಇದಕ್ಕಾಗಿಯೇ. ಜೊತೆಗೆ ಮೈ ತಣ್ಣಗಾಗುತ್ತಿದ್ದಂತೆ ಊಟ ಅರ್ಧಕ್ಕೆ ನಿಂತ ಉಣುಗುಗಳೂ ಇಳಿದು ಚದುರುತ್ತವೆ.

ದನ ಕಡಿಮೆಯಾದ ಮಾತಿಗೆ ಬಂದರೆ, ಬಲಿತ ಉಣುಗಿಗೆ ಬೇಕಾದದ್ದು ದೊಡ್ಡ ಮೈ, ಅದು ದನದ್ದೇ ಆಗಬೇಕೆಂದಿಲ್ಲ. ನಿಮ್ಮ ಬೆಟ್ಟದಲ್ಲಿ ದನ ಕಡಿಮೆಯಾದ ವರ್ಷಗಳಲ್ಲಿ ಕಾಡುಕೋಣ ತೋಟಕ್ಕಿಳಿಯುವುದು ಹೆಚ್ಚಾಗಿದೆಯೇ ಇಲ್ಲವೇ ನೀವೇ ಹೇಳಿ. ಉಣುಗನ್ನು ದೂರಕ್ಕೆ ಒಯ್ಯುವುದರಲ್ಲಿಯೂ ಒಂದು ಕಾಡಿನ ತುಂಡಿಗೆ ಅಂಟಿಕೊಂಡು ಬದುಕುವ ಮಂಗನ ಹಿಂಡಿಗಿಂತ, ರಾತ್ರಿಯಿಡೀ ನಡೆಯುವ ಕಾಡುಕೋಣ, ಕಡವೆ ಮತ್ತು ಸಂತೆಯಿಂದ ಸಂತೆಗೆ ಮಾರಾಟವಾಗಿ ಹೋಗುವ ದನಗಳ ಮೇಲೆ ನನಗೆ ಹೆಚ್ಚು ಅನುಮಾನ.

ಹಿಮದೂರು ಬರೆದದ್ದು:

ನಾನು ಶಿರಸಿಯವನು, ಈಗ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿದ್ದೇನೆ. ಮೂರು ಊಟದ ಉಣುಗಿನ ಬಗ್ಗೆ ಓದುತ್ತಿದ್ದಂತೆ, ಇಲ್ಲಿನ ಒಂದೇ ಮೈಯ ಉಣುಗಿನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕೆನಿಸಿತು. ಇಲ್ಲಿ ಮೂಸ್ ಎಂಬ, ನಮ್ಮ ಕಡವೆಗಿಂತ ಬಹಳ ದೊಡ್ಡದಾದ ಜಿಂಕೆ ಜಾತಿಯ ಪ್ರಾಣಿಯಿದೆ. ಚಳಿಗಾಲದ ಉಣುಗು ಎಂದು ಕರೆಯುವ ಜಾತಿಯ ಮರಿಗಳು ಶರತ್ಕಾಲದಲ್ಲಿ ಪೊದೆಯ ತುದಿ ಹತ್ತಿ, ಕಾಲಿಗೆ ಕಾಲು ಹೆಣೆದುಕೊಂಡು ಸರಪಳಿಯಂತೆ ಕಾಯುತ್ತವೆ. ಮೂಸ್ ತಾಗಿದರೆ ಒಂದಲ್ಲ, ಇಡೀ ಸರಪಳಿಯೇ ಹತ್ತಿಕೊಳ್ಳುತ್ತದೆ. ಮುಂದಿನ ಎರಡೂ ಪೊರೆ ಬಿಡುವುದು, ಮೂರೂ ಊಟ ಅದೇ ಮೈಮೇಲೆ ನಡೆದು, ಏಪ್ರಿಲ್ ಹೊತ್ತಿಗೆ ಹೆಣ್ಣು ಉಣುಗುಗಳು ಉದುರುತ್ತವೆ.

2014ರಿಂದ 2016ರವರೆಗೆ ಇಲ್ಲಿ ಮತ್ತು ಪಕ್ಕದ ಮೇಯ್ನ್ ರಾಜ್ಯದಲ್ಲಿ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಹಿಂಬಾಲಿಸಿದ ಮೂಸ್ ಕರುಗಳಲ್ಲಿ ಸುಮಾರು ಶೇ. 70ರಷ್ಟು ಸತ್ತವು, ಒಂದೊಂದು ಕರುವಿನ ಮೈಮೇಲೆ ಸರಾಸರಿ 40 ಸಾವಿರಕ್ಕೂ ಹೆಚ್ಚು ಉಣುಗುಗಳಿದ್ದವು. ತುರಿಕೆಗೆ ಮರಕ್ಕೆ ಮೈ ಉಜ್ಜಿ ಉಜ್ಜಿ ಕೂದಲು ಮುರಿದು ಬಿಳಿಚಿಕೊಂಡ ಪ್ರಾಣಿಗಳನ್ನು ಇಲ್ಲಿನವರು ಭೂತದ ಮೂಸ್ ಎನ್ನುತ್ತಾರೆ. ನಾನೂ ಒಮ್ಮೆ ರಸ್ತೆಬದಿಯಲ್ಲಿ ಕಂಡಿದ್ದೇನೆ, ಹೆಗಲಿನ ಮೇಲೆ ಹಿಡಿಯಗಲದ ಬೋಳು ತೇಪೆಗಳು, ಕಾರು ನಿಂತರೂ ಓಡುವ ತ್ರಾಣವಿಲ್ಲ. ಇಲ್ಲಿಯೂ ಮೂಸಿನಿಂದ ಮೂಸಿಗೆ ನೇರವಾಗಿ ಏನೂ ದಾಟುವುದಿಲ್ಲ. ಮೊದಲ ಹಿಮ ತಡವಾಗಿ ಬಿದ್ದರೆ ಮರಿಗಳಿಗೆ ಕಾಯಲು ಹೆಚ್ಚು ದಿನ ಸಿಗುತ್ತದೆ, ಏಪ್ರಿಲ್‌ನಲ್ಲಿ ಹಿಮ ಬೇಗ ಕರಗಿದರೆ ಉದುರಿದ ಹೆಣ್ಣು ಉಣುಗು ತಣ್ಣೆಲದಲ್ಲಿ ಸಾಯದೆ ತರಗೆಲೆಯಲ್ಲಿ ಮೊಟ್ಟೆಯಿಡುತ್ತದೆ. ಪ್ರಾಣಿಗಳು ಒಂದೇ ಜಾಗದಲ್ಲಿ ಹೆಚ್ಚು ಕಿಕ್ಕಿರಿದಷ್ಟೂ, ಮುಂದಿನ ಶರತ್ಕಾಲದಲ್ಲಿ ಮರಿಗಳು ಕಾಯುವ ಜಾಗದ ಮೂಲಕವೇ ಅವು ಹಾಯುವುದು ಹೆಚ್ಚು.

ಅರಳೀಕಟ್ಟೆ ಬರೆದದ್ದು:

ಎಲ್ಲ ಪರಾವಲಂಬಿಗಳೂ ನೆಲದ ದಾರಿಯಲ್ಲೇ ಹೋಗುತ್ತವೆಯೇ? ನಾಯಿಗಳಲ್ಲಿ ಕಜ್ಜಿ ಒಂದರಿಂದ ಒಂದಕ್ಕೆ ತಾಗುವುದನ್ನು ನಾವೇ ಕಣ್ಣಾರೆ ನೋಡುತ್ತೇವಲ್ಲ.

ಗೋವೈದ್ಯ ಬರೆದದ್ದು:

ಒಳ್ಳೆಯ ಪ್ರಶ್ನೆ. ಚರ್ಮದೊಳಗೆ ಸುರಂಗ ಕೊರೆಯುವ ಕಜ್ಜಿಯ ನುಸಿ ಮೈಯಿಂದ ಮೈಗೆ ತಾಗುವಂಥದ್ದೇ. ಗುಂಪಿನಲ್ಲಿ ಬದುಕುವ ಪ್ರಾಣಿಗಳಲ್ಲಿ ಅದು ಬೇಗ ಹರಡುತ್ತದೆ. ಅಮೆರಿಕದ ಮೊಂಟಾನಾದಲ್ಲಿ 1905ರಲ್ಲಿ ಒಂದು ಕಾನೂನು ಮಾಡಿ, ತೋಳಗಳನ್ನು ನಿರ್ಮೂಲ ಮಾಡಲೆಂದು ಅವುಗಳಿಗೆ ಬೇಕೆಂದೇ ಈ ಕಜ್ಜಿ ಹಿಡಿಸಿ ಕಾಡಿಗೆ ಬಿಟ್ಟರು, ಅದನ್ನು ಮಾಡಿದವರು ನನ್ನದೇ ವೃತ್ತಿಯವರು ಎಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. 1995ರಲ್ಲಿ ಯೆಲ್ಲೋಸ್ಟೋನ್ ಉದ್ಯಾನಕ್ಕೆ ತೋಳಗಳನ್ನು ಮತ್ತೆ ತಂದು ಬಿಟ್ಟ ಮೇಲೆ, 2007ರಲ್ಲಿ ಕಜ್ಜಿ ಅಲ್ಲಿನ ಹಿಂಡುಗಳಿಗೂ ತಲುಪಿತು. ಸ್ವಾರಸ್ಯವೆಂದರೆ, ಹಿಂಡಿನಲ್ಲಿದ್ದರೆ ಕಜ್ಜಿ ತಾಗುವ ಸಂಭವ ಹೆಚ್ಚು ನಿಜ, ಆದರೆ ಒಮ್ಮೆ ತಾಗಿದ ಮೇಲೆ ಆರೋಗ್ಯವಾಗಿರುವ ಜೊತೆಗಾರರು ಬೇಟೆಯಾಡಿ ತರುವ ಮಾಂಸದಿಂದ ಆ ತೋಳ ಬದುಕಿಕೊಳ್ಳುವ ಸಂಭವವೂ ಹೆಚ್ಚು.

ಒಂಟಿ ಪ್ರಾಣಿಗೆ ಅಂಟುವುದಿಲ್ಲವೆಂದೂ ಹೇಳುವಂತಿಲ್ಲ. ಆಸ್ಟ್ರೇಲಿಯದ ವೊಂಬ್ಯಾಟ್ ಎಂಬ ಬಿಲವಾಸಿ ಪ್ರಾಣಿ ಒಂಟಿಯಾಗಿಯೇ ಇರುತ್ತದೆ. ಆದರೂ ಟಾಸ್ಮೇನಿಯದ ನರಾನ್‌ಟಪು ಉದ್ಯಾನದಲ್ಲಿ 2010ರ ನಂತರದ ಕೆಲವೇ ವರ್ಷಗಳಲ್ಲಿ ಶೇ. 90ಕ್ಕೂ ಹೆಚ್ಚು ವೊಂಬ್ಯಾಟ್‌ಗಳನ್ನು ಇದೇ ನುಸಿ ತೆಗೆದುಕೊಂಡು ಹೋಯಿತು. ಒಂದು ಬಿಟ್ಟುಹೋದ ಬಿಲದಲ್ಲಿ ಕೆಲವು ದಿನಗಳ ನಂತರ ಇನ್ನೊಂದು ಮಲಗುತ್ತದೆ, ಬಿಲದ ತಂಪಿನಲ್ಲಿ ನುಸಿ ಜೀವ ಹಿಡಿದುಕೊಂಡು ಕಾದಿರುತ್ತದೆ. ಅವು ಒಂದರ ಮುಖ ಇನ್ನೊಂದು ನೋಡದಿದ್ದರೂ ಹಾಸಿಗೆ ಮಾತ್ರ ಒಂದೇ. ಬಿಲದ ಬಾಯಿಗೆ ಮುಚ್ಚಳ ಕಟ್ಟಿ, ಪ್ರಾಣಿ ನುಗ್ಗಿದಾಗ ಬೆನ್ನಿನ ಮೇಲೆ ಔಷಧಿ ಸುರಿಯುವಂತೆ ಮಾಡಿ ಅಲ್ಲಿನವರು ಚಿಕಿತ್ಸೆ ಕೊಡುತ್ತಾರೆ.

ಸೊಂಡಿಲಿ ಬರೆದದ್ದು:

ಸಣ್ಣ ಸಸ್ತನಿಗಳ ಅಧ್ಯಯನ ನನ್ನ ಕೆಲಸ, ಅವುಗಳ ಪರವಾಗಿ ಒಂದು ಮಾತು. ಮಂಗ ಸತ್ತರೆ ಸುದ್ದಿಯಾಗುತ್ತದೆ, ಸೊಂಡಿಲಿ ಸತ್ತರೆ ಇರುವೆಗಳಿಗೆ ಮಾತ್ರ ಗೊತ್ತಾಗುತ್ತದೆ. ಈ ವೈರಾಣು ಕಾಡಿಲಿ, ಸೊಂಡಿಲಿ, ಹಾರುಬೆಕ್ಕುಗಳಲ್ಲಿ (ಹಾರುವ ಅಳಿಲು) ಸಿಕ್ಕಿದೆ, ಮುಳ್ಳುಹಂದಿಯ ರಕ್ತದಲ್ಲಿಯೂ ಅದು ಬೆಳೆಯಬಲ್ಲದು. ಹಾರುಬೆಕ್ಕಿನ ಗೂಡಿನಲ್ಲಿ ಅದರದೇ ಆದ ಬೇರೊಂದು ಜಾತಿಯ ಉಣುಗು ಇರುತ್ತದೆ, ಅದು ಮನುಷ್ಯರ ತಂಟೆಗೆ ಬರುವುದು ಅಪರೂಪ. ಮಂಗ ಒಂದೂ ಸಾಯದ ವರ್ಷಗಳಲ್ಲಿಯೂ ಇಂಥ ಪ್ರಾಣಿಗಳ ನಡುವೆ ವೈರಾಣು ಸುತ್ತುತ್ತಿರುತ್ತದೆ.

ಇನ್ನೊಂದು ಸಂಗತಿ. ಪರಾವಲಂಬಿಗಳು ಒಂದು ಕಾಡಿನ ಪ್ರಾಣಿಗಳಲ್ಲಿ ಸಮನಾಗಿ ಹಂಚಿಕೊಂಡಿರುವುದಿಲ್ಲ. ಬೋನಿಗೆ ಬಿದ್ದ ಹತ್ತು ಇಲಿಗಳ ಕಿವಿಯನ್ನು ಕೈಮಸೂರದಲ್ಲಿ ನೋಡಿದರೆ ಆರೇಳರಲ್ಲಿ ಒಂದೋ ಎರಡೋ ಉಣುಗು, ಯಾವುದೋ ಒಂದರ ಕಿವಿಯಲ್ಲಿ ಮಾತ್ರ ಜಾಗವೇ ಇಲ್ಲದಂತೆ ತುಂಬಿರುತ್ತವೆ. ಉತ್ತರ ಇಟಲಿಯ ಕಾಡಿಲಿಗಳಲ್ಲಿ ನಡೆದ ಅಧ್ಯಯನದಲ್ಲಿ ಬಹುಪಾಲು ಉಣುಗುಗಳನ್ನು ಹೊತ್ತವು ಮೈತುಂಬಿದ, ಬೆದೆಗೆ ಬಂದ ಗಂಡುಗಳು. ಅವು ಹೆಚ್ಚು ದೂರ ಅಲೆಯುತ್ತವೆ, ಮೇಲಾಗಿ ಆ ಹೊತ್ತಿನಲ್ಲಿ ಅವುಗಳ ರೋಗನಿರೋಧಕ ಶಕ್ತಿಯೂ ತಗ್ಗಿರುತ್ತದೆ. ಅಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣು ನಮ್ಮ ವೈರಾಣುವಿನ ದಾಯಾದಿ. ಒಂದೇ ಇಲಿಯ ಕಿವಿಯಲ್ಲಿ ಎಳೆಯ ಉಣುಗೂ ಮರಿಯೂ ಪಕ್ಕಪಕ್ಕದಲ್ಲಿ ಕುಳಿತು ಉಣ್ಣುವಾಗ, ಇಲಿಯ ರಕ್ತದಲ್ಲಿ ವೈರಾಣು ಹರಡುವ ಮೊದಲೇ, ಚರ್ಮದ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟಿಬಿಡುತ್ತದೆ. ಎಂದರೆ ಆ ಇಲಿ ಕಾಯಿಲೆ ಬೀಳುವ ಅಗತ್ಯವೂ ಇಲ್ಲ, ಅದರ ಕಿವಿ ಊಟದ ಪಂಕ್ತಿಯಾದರೆ ಸಾಕು.

ತುದಿಮನೆ ಬರೆದದ್ದು:

ಕಾಡುಕೋಣದ ಮಾತು ಒಪ್ಪಿದೆ. ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಅಗಳಿನಲ್ಲಿ ಏಳು ಕೋಣಗಳ ಹೆಜ್ಜೆ ಎಣಿಸಿದ್ದೇನೆ, ಹತ್ತು ವರ್ಷಗಳ ಹಿಂದೆ ಒಂದೂ ಇರಲಿಲ್ಲ. ಆದರೆ ಮಂಗಗಳನ್ನು ಹಿಡಿದು ದೂರ ಬಿಡುವ ಪ್ರಶ್ನೆಗೆ ಯಾರೂ ಇನ್ನೂ ನೇರವಾಗಿ ಉತ್ತರ ಕೊಟ್ಟಿಲ್ಲ.

ಗೋವೈದ್ಯ ಬರೆದದ್ದು:

ನೇರವಾಗಿಯೇ ಹೇಳುತ್ತೇನೆ. ಮರಿ ಉಣುಗು ಮಂಗನ ಮೈಮೇಲೆ ಕೆಲವು ದಿನ ಇರುತ್ತದೆ, ಜೀಪು ಶರಾವತಿ ದಾಟಲು ಬೇಕಾದದ್ದು ಕೆಲವು ಗಂಟೆ. ಬೋನಿನಲ್ಲಿ ಕೂತ ಇಪ್ಪತ್ತು ಮಂಗಗಳಲ್ಲಿ ಒಂದರ ರಕ್ತದಲ್ಲಿ ವೈರಾಣು ಇದ್ದರೂ, ತಾನಾಗಿ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ಪ್ರಯಾಣವನ್ನು ಅದು ನಿಮ್ಮ ವಂತಿಗೆಯ ಡೀಸೆಲ್ಲಿನಲ್ಲಿ ಒಂದೇ ದಿನಕ್ಕೆ ಮುಗಿಸುತ್ತದೆ, ಇಳಿಯುವುದು ಕಾಯಿಲೆಯನ್ನೇ ಕಾಣದ ಊರಿನ ಬೆಟ್ಟದಲ್ಲಿ. ನಿಮ್ಮ ಬೆಟ್ಟದಲ್ಲಿ ಆಗಲೇ ಉದುರಿರುವ ಮರಿಗಳು ಅಲ್ಲೇ ಉಳಿಯುತ್ತವೆ. ಮಂಗ ಇಲ್ಲದಿದ್ದರೆ ಅವು ದರಕು ಗುಡಿಸುವವರ ಕಾಲನ್ನು ಹುಡುಕುತ್ತವೆ. ಇದರ ಮೇಲೆ, ಸತ್ತು ಬಿದ್ದು ನಮಗೆ ಮೊದಲೇ ಸೂಚನೆ ಕೊಡುತ್ತಿದ್ದ ಪ್ರಾಣಿಯೂ ಊರಿನಲ್ಲಿ ಇಲ್ಲದಂತಾಗುತ್ತದೆ.

ಸೊಪ್ಪಿನಬೆಟ್ಟ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಸಭೆ ನಡೆಯಿತು. ಗೋವೈದ್ಯರ ಮೂರು ಊಟದ ವಿವರಣೆಯನ್ನು ನಾನು ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದೆ. ಮಂಗ ಹಿಡಿಸುವ ವಂತಿಗೆ ಸದ್ಯಕ್ಕೆ ನಿಂತಿದೆ, ಆದರೆ ಎಲ್ಲರೂ ಒಪ್ಪಿದರೆಂದು ಹೇಳಲಾರೆ. ಬಾಳೆಗೊನೆ, ಏಲಕ್ಕಿ ಕಳೆದುಕೊಂಡವರ ಸಿಟ್ಟು ಬೇರೆಯೇ ಇದೆ, ಅದು ಉಣುಗಿನ ವಿಷಯವೇ ಅಲ್ಲ ಎಂಬುದು ಮಾತಿನ ನಡುವೆ ತಾನಾಗಿಯೇ ಹೊರಬಂತು.

ತೀರ್ಮಾನವಾದದ್ದು ಇಷ್ಟು. ಮುಸಿಯ ಸತ್ತ ಮತ್ತಿಮರದ ಸುತ್ತ ಹಗ್ಗ ಕಟ್ಟಿ, ಮಳೆ ಹಿಡಿಯುವವರೆಗೆ ಅತ್ತ ಯಾರೂ ದರಕಿಗೆ ಹೋಗಬಾರದು, ದನಗಳನ್ನೂ ಆ ದಿಕ್ಕಿಗೆ ಬಿಡಬಾರದು. ಉಳಿದ ಬೆಟ್ಟಕ್ಕೆ ಹೋಗುವವರು ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗಬೇಕು, ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಬೇಕು. ನಾನೇ ಇಂದು ಬೆಳಿಗ್ಗೆ ಬಿಳಿಯ ಪಂಚೆಯ ತುಂಡೊಂದನ್ನು ಕೋಲಿಗೆ ಕಟ್ಟಿ, ಬೆಟ್ಟದ ದಣಪೆಯ ಬಳಿ ಹತ್ತು ಮಾರು ನೆಲದ ಮೇಲೆ ಎಳೆದು ನೋಡಿದೆ. ಬಿಸಿಲಿಗೆ ಹಿಡಿದಾಗ ಬಟ್ಟೆಯ ಮೇಲೆ ಹದಿನಾಲ್ಕು ಎಳೆಯ ಉಣುಗುಗಳು ಹರಿದಾಡುತ್ತಿದ್ದವು. ಅಲ್ಲಿ ಮಂಗ ಸತ್ತಿಲ್ಲ, ಆದರೆ ನಮ್ಮ ದನಗಳು ದಿನಾ ದಾಟುವ ಜಾಗ ಅದು.